ಕಳ್ಳ ಕದ್ದ ವಜ್ರ, ನಾನು ಕೆಡಿಸಿದ ಆಟ

ನನ್ನ ಮೊದಲ ದೊಡ್ಡ ಕ್ಯಾಂಪೇನ್‌ನಲ್ಲಿ, ಅಂದರೆ ಹಲವು ಸಲ ಕೂತು ಮುಂದುವರಿಸುವ ಒಂದೇ ಕಥೆಯಲ್ಲಿ, ನನ್ನ ಪಾತ್ರದ ಹೆಸರು ಝಾರೆಕ್. ಆಟ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿ: ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತಾ ಕಥೆ ಕಟ್ಟುವ ಆಟ. ಝಾರೆಕ್ ಐದನೇ ಲೆವೆಲ್‌ನ ರೋಗ್, ಅಂದರೆ ಕಳ್ಳ. ಬೀದಿಯಲ್ಲಿ ಬೆಳೆದವನು, ಯಾರನ್ನೂ ನಂಬದವನು, ಹೊಳೆಯುವ ವಸ್ತು ಕಂಡರೆ ಕೈ ತುರಿಸುವವನು. ಅವನ ಹಿಂದಿನ ಕಥೆಯನ್ನೇ ನಾಲ್ಕು ಪುಟ ಬರೆದಿದ್ದೆ. ಆ ನಾಲ್ಕು ಪುಟದಲ್ಲಿ ಉಳಿದ ಮೂವರ ಪಾತ್ರಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ಆಗಲೇ ನನ್ನ ಕಣ್ಣಿಗೆ ಬೀಳಬೇಕಿತ್ತು.

ನಮ್ಮ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪಾತ್ರ) ಹತ್ತಿರ ಒಂದು ವಜ್ರ ಇತ್ತು. ರಿವಿವಿಫೈ ಮಂತ್ರ ಹಾಕಬೇಕಾದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಮಂತ್ರ ಹಾಕಿದ ಮೇಲೆ ಅದು ಉಳಿಯುವುದಿಲ್ಲ. ಸತ್ತು ಒಂದು ನಿಮಿಷ ದಾಟದವರನ್ನು ಅದು ಎಬ್ಬಿಸುತ್ತದೆ. ನಾಲ್ಕೂ ಜನ ಪಾಲು ಹಾಕಿ ಕೊಂಡ ವಜ್ರ. ಕಥೆಯಲ್ಲಿ ಒಂದು ರಾತ್ರಿ ಪಾರ್ಟಿ, ಅಂದರೆ ನಮ್ಮ ಪಾತ್ರಗಳ ತಂಡ, ಮಲಗಿದ್ದಾಗ ನಾನು ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಕಡೆಗೆ ಮಡಚಿದ ಚೀಟಿಯೊಂದನ್ನು ತಳ್ಳಿದೆ: ‘ಝಾರೆಕ್ ವಜ್ರ ಕದೀತಾನೆ.’ ಅವನು ಓದಿ, ಮುಖದಲ್ಲಿ ಏನೂ ತೋರಿಸದೆ, ದಾಳ ಎಸೆ ಅಂತ ಸನ್ನೆ ಮಾಡಿದ. 20 ಮುಖದ ದಾಳದಲ್ಲಿ 14 ಬಿತ್ತು. ಸ್ಲೈಟ್ ಆಫ್ ಹ್ಯಾಂಡ್‌ನ, ಅಂದರೆ ಕೈಚಳಕದ, 10 ಸೇರಿ 24. ಕ್ಲೆರಿಕ್‌ಳ ಪ್ಯಾಸಿವ್ ಪರ್ಸೆಪ್ಷನ್, ಅಂದರೆ ತಾನಾಗಿ ಗಮನಿಸುವ ಶಕ್ತಿ, ಬರೀ 14; ಅವಳಿಗೆ ಗೊತ್ತೇ ಆಗಲಿಲ್ಲ. ಮೇಜಿನ ಆ ಕಡೆ ಅವಳು ತನ್ನ ಮಂತ್ರಗಳ ಪಟ್ಟಿ ತಿದ್ದುತ್ತಾ ಕೂತಿದ್ದಳು. ನನಗೆ ಒಳಗೊಳಗೇ ನಗು. ನಿಜ ಹೇಳಬೇಕೆಂದರೆ ಆ ಸಂಜೆ ನನಗೆ ಸಿಕ್ಕ ಅತಿ ದೊಡ್ಡ ಖುಷಿಯೇ ಆ ಚೀಟಿ. ಮುಂದಿನ ಪಟ್ಟಣದಲ್ಲಿ ವಜ್ರ ಮಾರಿ ಝಾರೆಕ್ ಒಂದು ಒಳ್ಳೆ ಜೋಡಿ ಬೂಟು ಕೊಂಡ.

ಎರಡು ಸೆಷನ್ ಆದ ಮೇಲೆ ನಮ್ಮ ಫೈಟರ್ ಬಿದ್ದ. ಹಿಟ್ ಪಾಯಿಂಟ್, ಅಂದರೆ ಉಳಿದ ಜೀವಬಲ, ಸೊನ್ನೆ. ಸಾವು ಬದುಕು ತೀರ್ಮಾನಿಸುವ ಡೆತ್ ಸೇವ್ ದಾಳ ಮೊದಲನೆಯದು 7, ಎರಡನೆಯದು 1. 7 ಒಂದು ಸೋಲು, 1 ಬಿದ್ದರೆ ಎರಡು ಸೋಲು ಲೆಕ್ಕ, ಅಲ್ಲಿಗೆ ಮೂರಾಯಿತು, ಪಾತ್ರ ಸತ್ತ. ಕ್ಲೆರಿಕ್ ಆಡುತ್ತಿದ್ದವಳು ಗಾಬರಿಯಾಗಲಿಲ್ಲ. ಪೆನ್ಸಿಲ್ ತಗೊಂಡು ಮೂರನೇ ಲೆವೆಲ್‌ನ ಮಂತ್ರ ಹಾಕುವ ಸ್ಲಾಟ್ ಒಂದನ್ನು ಹೊಡೆದುಹಾಕಿ, ‘ರಿವಿವಿಫೈ. ವಜ್ರ ತೆಗೀತೀನಿ’ ಅಂದಳು.

ಡಿಎಂ ನನ್ನನ್ನು ನೋಡಿದ. ಅವನ ಜತೆಗೆ ಎಲ್ಲರೂ ನೋಡಿದರು.

‘ನನ್ನ ಪಾತ್ರ ಹಾಗೇ ಅಲ್ವಾ? ಕೇಯಾಟಿಕ್ ನ್ಯೂಟ್ರಲ್ ಅಂತ ಶೀಟಲ್ಲೇ ಇದೆ’ ಅಂದೆ. ಕಟ್ಟುಪಾಡಿಗೆ ಒಗ್ಗದೆ ತನ್ನಿಷ್ಟದಂತೆ ನಡೆಯುವವನು ಅಂತ ಅದರ ಅರ್ಥ. ಫೈಟರ್ ಆಡುತ್ತಿದ್ದ ಗೆಳೆಯ ಜಗಳಕ್ಕೇ ಬರಲಿಲ್ಲ. ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತಾ ಕೇಳಿದ: ‘ಆ ಝಾರೆಕ್‌ನ ಬರೆದೋನು ಯಾರೋ?’ ಆಮೇಲೆ ಮೂರು ವಾರ ಆಟಕ್ಕೆ ಬರಲಿಲ್ಲ.

ಆ ಮೂರು ವಾರ ನಾನು ನನ್ನ ಪರ ವಕಾಲತ್ತು ಮಾಡುತ್ತಲೇ ಇದ್ದೆ. ಅಲೈನ್‌ಮೆಂಟ್ ಅನ್ನೋದು, ಅಂದರೆ ಪಾತ್ರದ ಸ್ವಭಾವಕ್ಕೆ ಹಚ್ಚುವ ಇಂಥ ಹಣೆಪಟ್ಟಿ, ಈ ಆಟದ ಜತೆಗೇ ಹುಟ್ಟಿದ್ದು. 1974ರಲ್ಲಿ ಆಟ ಮೊದಲು ಅಚ್ಚಾದಾಗ ಲಾ (ಕಟ್ಟುಪಾಡು), ನ್ಯೂಟ್ರಾಲಿಟಿ (ನಡುವಿನದು), ಕೇಯಾಸ್ (ಕಟ್ಟುಪಾಡಿಲ್ಲದ್ದು) ಅಂತ ಮೂರೇ ಬಗೆ ಇದ್ದವು, 1978ರ ಹೊತ್ತಿಗೆ ಒಂಬತ್ತಾದವು. ನಿಯಮದಲ್ಲೇ ಇರುವ ಗುಣವನ್ನು ಆಡಿದರೆ ತಪ್ಪೇನು ಅನ್ನೋದು ನನ್ನ ವಾದ. ಆದರೆ ಗೆಳೆಯನ ಆ ಒಂದು ಪ್ರಶ್ನೆ ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಕೊನೆಗೊಂದು ದಿನ ಖಾಲಿ ಹಾಳೆ ತಗೊಂಡು, ಆ ರಾತ್ರಿ ಝಾರೆಕ್ ಇನ್ನೇನೇನು ಮಾಡಬಹುದಿತ್ತು ಅಂತ ಬರೆದೆ. ಪಕ್ಕದ ಕೋಣೆಯ ವ್ಯಾಪಾರಿಯ ಗಂಟಿಗೆ ಕೈ ಹಾಕಬಹುದಿತ್ತು. ವಜ್ರ ಕದ್ದು, ಬೆಳಗಾಗುವಷ್ಟರಲ್ಲಿ ಮನಸ್ಸು ತಡೆಯದೆ ವಾಪಸ್ ಇಡುವಾಗ ಸಿಕ್ಕಿಬೀಳಬಹುದಿತ್ತು. ಅಸಲಿ ವಜ್ರ ಇಟ್ಟುಕೊಂಡು ನಕಲಿ ಇಡೋಕೆ ಹೋಗಿ, ತಾನೇ ಗಲಿಬಿಲಿಯಾಗಿ ಯಾವುದು ಯಾವುದು ಅಂತ ಗೊತ್ತಾಗದೆ ಕೂರಬಹುದಿತ್ತು. ಆರು ಬರೆದೆ, ಆರೂ ಝಾರೆಕ್‌ಗೆ ಒಪ್ಪುವಂಥವೇ. ಇಷ್ಟೆಲ್ಲ ದಾರಿ ಇದ್ದೂ ಗೆಳೆಯರ ತಲೆ ಮೇಲೆ ಕಲ್ಲು ಹಾಕುವ ಒಂದನ್ನು ಆರಿಸಿಕೊಂಡವನು ನಾನು. ಪಾತ್ರದ ಬೆನ್ನ ಹಿಂದೆ ಅವಿತು ಕೂತಿದ್ದೆ, ಅಷ್ಟೇ.

ಕ್ಷಮೆ ಕೇಳಿದೆ. ಝಾರೆಕ್‌ನನ್ನು ಕಥೆಯಿಂದ ಕಳಿಸಿಕೊಟ್ಟು ಒಬ್ಬ ಬಾರ್ಡ್ (ಹಾಡುಗಾರ) ಪಾತ್ರ ಮಾಡಿಕೊಂಡೆ. ಒಳ್ಳೆಯವನು, ಹಸನ್ಮುಖಿ, ನೀವೆಲ್ಲಿಗೋ ನಾನೂ ಅಲ್ಲಿಗೆ ಅನ್ನುವವನು. ಗುಹೆಗೆ ಹೋಗೋಣವೇ ಅಂದರೆ ಸರಿ, ಬೇಡ ಅಂದರೆ ಅದೂ ಸರಿ. ಐದು ಸೆಷನ್ ಹೀಗೇ ಕಳೆಯಿತು. ಒಂದು ದಿನ ಬಿಡುವಿನಲ್ಲಿ ಕ್ಲೆರಿಕ್ ಆಡುತ್ತಿದ್ದವಳೇ ಕೇಳಿದಳು: ‘ನಿನ್ನ ಬಾರ್ಡ್ ಯಾವತ್ತಾದ್ರೂ ಯಾವುದಕ್ಕಾದ್ರೂ ಬೇಡ ಅಂದಿದ್ದಾನಾ?’ ಯೋಚಿಸಿದೆ. ಒಂದೂ ನೆನಪಾಗಲಿಲ್ಲ. ‘ಝಾರೆಕ್ ಇದ್ದಾಗ ಸಿಟ್ಟಾದ್ರೂ ಬರ್ತಿತ್ತು ಕಣೋ’ ಅಂತ ನಕ್ಕಳು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ವಿಷಯದಲ್ಲಿ ಬುದ್ಧಿ ಹೇಳುವವರು ಬಹಳಷ್ಟು ಸಲ ನಿಲ್ಲುವುದು ಇಲ್ಲೇ: ಪಾರ್ಟಿಗೆ ತೊಂದರೆ ಕೊಡಬೇಡ, ಹೊಂದಿಕೊಂಡು ಹೋಗು. ನಾನು ಹೊಂದಿಕೊಂಡು ಹೋಗಿ ನೋಡಿದ್ದೇನೆ, ಚಪ್ಪೆ. ಮೇಜಿನ ಸುತ್ತ ಕೂತವರು ಒಬ್ಬರಿಂದೊಬ್ಬರು ಏನಾದರೂ ಕಾದಿರುತ್ತಾರೆ. ತನ್ನದೇ ಹಟ, ತನ್ನದೇ ಭಯ ಇಲ್ಲದ ಪಾತ್ರ ತಂದವನೂ ಬರಿಗೈಯಲ್ಲಿ ಬಂದ ಹಾಗೇ.

ದಾರಿ ಸಿಕ್ಕಿದ್ದು ಮೂರನೇ ಪಾತ್ರದಲ್ಲಿ, ಒಬ್ಬ ಪ್ಯಾಲಡಿನ್, ಅಂದರೆ ಧರ್ಮದ ಪ್ರತಿಜ್ಞೆ ತೊಟ್ಟ ಯೋಧ. ಪ್ಯಾಲಡಿನ್ ಅಂದರೆ ಪಾರ್ಟಿಯಲ್ಲಿ ಎಲ್ಲರೂ ಸ್ವಲ್ಪ ಹೆದರುತ್ತಾರೆ, ಇವನು ಪ್ರತಿಯೊಂದಕ್ಕೂ ಧರ್ಮ ತೆಗೆಯುತ್ತಾನೆ ಅಂತ. ನಾವೊಬ್ಬ ಡಕಾಯಿತನನ್ನು ಹಿಡಿದಿದ್ದೆವು. ಅವನ ಗುಂಪು ಎಲ್ಲಿದೆ ಅಂತ ತಿಳಿಯಬೇಕು. ಹೆದರಿಸಿ ಬಾಯಿಬಿಡಿಸೋಣ ಅನ್ನೋದು ಉಳಿದವರ ಲೆಕ್ಕ. ಕಟ್ಟಿಹಾಕಿದವನ ಮೇಲೆ ಜೋರು ಮಾಡುವುದು ನನ್ನವನ ಪ್ರತಿಜ್ಞೆಗೆ ಸಲ್ಲದ ಮಾತು. ಮೊದಲಿನ ನಾನಾಗಿದ್ದರೆ ಕತ್ತಿ ಹಿರಿದು ಅಡ್ಡ ನಿಲ್ಲುತ್ತಿದ್ದೆ, ಒಂದು ಗಂಟೆ ಚರ್ಚೆ. ಬಾರ್ಡ್ ಕಾಲದ ನಾನಾಗಿದ್ದರೆ ಏನೂ ಕಾಣದವನ ಹಾಗೆ ಕೂರುತ್ತಿದ್ದೆ.

ಅವತ್ತು ಪಾತ್ರ ಬಿಟ್ಟು ನಾನಾಗಿ ಮಾತಾಡಿದೆ: ‘ನನ್ನ ಪ್ಯಾಲಡಿನ್ ಇದನ್ನ ನೋಡ್ಕೊಂಡು ಸುಮ್ಮನಿರಲ್ಲ. ಆದರೆ ನಿಮ್ಮ ಪ್ಲ್ಯಾನ್ ಕೆಡಿಸೋಕೆ ನನಗೆ ಇಷ್ಟ ಇಲ್ಲ. ಏನ್ ಮಾಡೋಣ?’

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ವಿಝರ್ಡ್ (ಮಂತ್ರವಾದಿ) ಆಡುತ್ತಿದ್ದವನು ತನ್ನ ಪಾತ್ರದ ಬೆಣ್ಣೆ ಹಚ್ಚುವ ದನಿಯಲ್ಲಿ, ‘ಸ್ವಾಮೀ, ಕುದುರೆಗಳಿಗೆ ಬಾಯಾರಿಕೆ ಆದ ಹಾಗಿದೆ’ ಅಂದ. ನನಗೆ ಅಷ್ಟು ಸಾಕಿತ್ತು. ಪ್ಯಾಲಡಿನ್ ಕುದುರೆ ಹಿಡಿದು ಹೊಳೆಗೆ ಹೋದ. ನೀರು ಕುಡಿಸಿದ. ಕುಡಿದಾದ ಕುದುರೆಗೇ ಮತ್ತೆ ಕುಡಿಸಿದ. ಹಿಂದಿನಿಂದ ಒಂದು ಕೂಗು ಕೇಳಿತು ಅಂತ ಡಿಎಂ ಹೇಳಿದ. ನನ್ನವನು ತಿರುಗಲಿಲ್ಲ, ಕುದುರೆಯ ಗೊರಸಿಗೆ ಸಿಕ್ಕಿಕೊಂಡ ಕಲ್ಲು ತೆಗೆಯುತ್ತಾ ಕೂತ. ವಾಪಸ್ ಬಂದು ‘ಏನಾಯಿತು?’ ಅಂದಾಗ ವಿಝರ್ಡ್, ‘ತಾನಾಗೇ ಬಾಯಿಬಿಟ್ಟ’ ಅಂದ. ಮೇಜಿನ ಸುತ್ತ ಎಲ್ಲರಿಗೂ ನಗು, ನನಗೂ. ಆದರೆ ಮೂರು ಸೆಷನ್ ಕಳೆದು ಒಂದು ಪಾಳು ಗುಡಿಯಲ್ಲಿ ಪ್ಯಾಲಡಿನ್ ಮಂಡಿಯೂರಿ, ‘ನನಗೆ ಕೂಗು ಕೇಳಿಸಿತ್ತು’ ಅಂತ ಒಪ್ಪಿಕೊಂಡಾಗ ಯಾರೂ ನಗಲಿಲ್ಲ. ನಾನು ಅಡ್ಡ ನಿಂತಿದ್ದರೆ ಆ ಸನ್ನಿವೇಶ ಹುಟ್ಟುತ್ತಿರಲಿಲ್ಲ, ತೆಪ್ಪಗೆ ಕೂತಿದ್ದರೂ ಹುಟ್ಟುತ್ತಿರಲಿಲ್ಲ.

ಅಂದಿನಿಂದ ಚೀಟಿ ಬಿಟ್ಟೆ. ಗುಟ್ಟು ಪಾತ್ರಗಳ ನಡುವೆ ಎಷ್ಟು ಬೇಕಾದರೂ ಇರಲಿ, ಆಡುವವರ ನಡುವೆ ಬೇಡ. ರಹಸ್ಯ ಮೊದಲೇ ತಿಳಿದರೆ ಮಜಾ ಹೋಗುತ್ತದೆ ಅನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಹೆಚ್ಚಾಗುತ್ತದೆ. ತನ್ನ ಪಾತ್ರ ಮೋಸ ಹೋಗುವುದನ್ನು ತಿಳಿದೂ ತಿಳಿದೂ ಆಡುವವನ ಮುಖ ನೋಡಿದ್ದೀರಾ? ಗುಂಡಿಗೆ ತಾನೇ ಬಲು ಉತ್ಸಾಹದಿಂದ ನಡೆದು ಹೋಗುತ್ತಾನೆ. ಇನ್ನೊಂದು, ನನ್ನ ಪಾತ್ರದ ದೌರ್ಬಲ್ಯದ ಪೆಟ್ಟು ಮೊದಲು ನನಗೇ ಬೀಳುವ ಹಾಗೆ ನೋಡಿಕೊಳ್ಳುತ್ತೇನೆ. ಕುಡುಕನಾದರೆ ನನ್ನ ದುಡ್ಡು ಹೋಗಲಿ, ಕೋಪಿಷ್ಠನಾದರೆ ನನ್ನ ಮೂಗು ಒಡೆಯಲಿ. ಬೇರೆಯವರ ಮೇಲೆ ಬೀಳುವಂಥದ್ದಾದರೆ ಮೊದಲು ಅವರನ್ನು ಕೇಳುತ್ತೇನೆ.

ಕೆಲವು ಆಟಗಳಲ್ಲಿ ಇದಕ್ಕೆ ನಿಯಮದಲ್ಲೇ ಜಾಗ ಇದೆ. ಫೇಟ್ ಅನ್ನುವ ಆಟದಲ್ಲಿ ನಿಮ್ಮ ಪಾತ್ರದ ದೌರ್ಬಲ್ಯ ನಿಮ್ಮನ್ನು ತೊಂದರೆಗೆ ಸಿಕ್ಕಿಸುವ ಹಾಗಿದ್ದರೆ ಆಟ ನಡೆಸುವವರು ಒಂದು ಫೇಟ್ ಪಾಯಿಂಟ್ ಮುಂದಿಡುತ್ತಾರೆ. ಒಪ್ಪಿದರೆ ಪಾಯಿಂಟ್ ನಿಮ್ಮದು. ಬೇಡ ಅಂದರೆ ನೀವೇ ಒಂದು ತೆರಬೇಕು. ಎಡವಟ್ಟಿಗೊಂದು ಬೆಲೆ ಕಟ್ಟಿ ಅದನ್ನು ಮೇಜಿನ ಮೇಲೇ ಇಟ್ಟಿದ್ದಾರೆ, ನನಗೆ ಬಹಳ ಇಷ್ಟ. ಇನ್ನು 1984ರಲ್ಲಿ ಬಂದ ಪ್ಯಾರನಾಯಾ ಅನ್ನುವ ಆಟ ಇದೆ. ಅಲ್ಲಿ ಜತೆಯವರ ಮೇಲೆ ಚಾಡಿ ಹೇಳುವುದು, ಬೆನ್ನಿಗೆ ಚೂರಿ ಹಾಕುವುದೇ ಆಟ, ಸತ್ತರೆ ನಿಮ್ಮದೇ ಇನ್ನೊಂದು ಕ್ಲೋನ್ ಬಂದು ನಿಲ್ಲುತ್ತದೆ. ಝಾರೆಕ್ ಅಲ್ಲಿ ಹುಟ್ಟಬೇಕಿತ್ತು. ಅದಕ್ಕೇ ಪಾರ್ಟಿಯವರಿಂದ ಕದಿಯುವುದೇ ಪಾಪ ಅಂತ ನಾನು ಹೇಳುವುದಿಲ್ಲ. ನಾಲ್ವರಲ್ಲಿ ಮೂವರಿಗೆ ತಾವು ಯಾವ ಆಟ ಆಡುತ್ತಿದ್ದೇವೆ ಅಂತ ಗೊತ್ತಿರಲಿಲ್ಲ, ಎಡವಟ್ಟಾಗಿದ್ದು ಅಲ್ಲಿ.

ಆಮೇಲೆ ನಾನೇ ಡಿಎಂ ಕುರ್ಚಿಯಲ್ಲಿ ಕೂತಾಗ ಇದೆಲ್ಲ ಆ ಕಡೆಯಿಂದ ಕಾಣತೊಡಗಿತು. ಕಥೆಯ ಛತ್ರದ ಮೂಲೆಯಲ್ಲಿ ಕಪ್ಪು ಮುಸುಕು ಹಾಕಿಕೊಂಡು ಕೂರುವವರು ಪ್ರತಿ ಹೊಸ ಗುಂಪಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ‘ನಾನು ಯಾಕೆ ಇವರ ಜತೆ ಹೋಗಲಿ?’ ಅನ್ನುತ್ತಾರೆ. ಮೊದಮೊದಲು ನಾನು ಬೇಡಿಕೊಳ್ಳುತ್ತಿದ್ದೆ, ಸಂಭಾವನೆ ಏರಿಸುತ್ತಿದ್ದೆ, ಊರ ಹಿರಿಯರ ಕಣ್ಣಲ್ಲಿ ನೀರು ಹಾಕಿಸುತ್ತಿದ್ದೆ. ಅರ್ಧ ಗಂಟೆ ಅದಕ್ಕೇ. ಈಗ ಸೆಷನ್ ಝೀರೋದಲ್ಲೇ, ಅಂದರೆ ಆಟ ಶುರುವಾಗುವ ಮುಂಚಿನ ಮಾತುಕತೆಯಲ್ಲೇ, ಹೇಳಿಬಿಡುತ್ತೇನೆ, ಹೋಗ್ತಾನಾ ಇಲ್ವಾ ಅಂತ ನಾನು ಕೇಳಲ್ಲ, ಹೋಗ್ತಾನೆ. ಯಾಕೆ ಅಂತ ನೀವೇ ಹೇಳಿ. ಜತೆಗೆ ಪ್ರತಿಯೊಬ್ಬರೂ ಪಾರ್ಟಿಯ ಇನ್ನೊಬ್ಬರಿಗೆ ತಮ್ಮ ಪಾತ್ರ ಯಾಕೆ ಋಣಿ ಅಂತ ಒಂದು ಸಾಲು ಬರೆಯಬೇಕು. ನಾಲ್ಕು ಪುಟದ ಕಥೆಗಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡಿದ್ದನ್ನು ನೋಡಿದ್ದೇನೆ. ನೀರು ಕಂಡರೆ ಆಗದ ಕುಳ್ಳ ಯೋಧನೊಬ್ಬ ದೋಣಿ ಹತ್ತಲ್ಲ ಅಂತ ಹಟ ಹಿಡಿದಿದ್ದಾಗ ಅವನ ಶೀಟಿನ ಆ ಸಾಲನ್ನು ಓದಿದೆ: ‘ಈ ಬಾರ್ಡ್ ನನ್ನ ತಂಗಿಯನ್ನು ಬೆಂಕಿಯಿಂದ ಹೊರಗೆ ತಂದಿದ್ದಳು.’ ಬಾರ್ಡ್ ಆಗಲೇ ದೋಣಿಯಲ್ಲಿ ಕೂತಿದ್ದಳು. ಹತ್ತಿದ. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಬೈಯುತ್ತಾ, ಅಂಚಿಗೆ ಬಗ್ಗಿ ವಾಂತಿ ಮಾಡುತ್ತಾ. ಅವನ ಭಯಕ್ಕೆ ಒಂದು ಚೂರೂ ಮೋಸ ಆಗಲಿಲ್ಲ.

ಒಂದು ಕಡೆ ಮಾತ್ರ ನಾನು ಪೂರ್ತಿ ಸೋತೆ. ಒಬ್ಬ ಆಟಗಾರನ ಪಾತ್ರ ಹೊಸದಾಗಿ ಬಂದವಳ ಪಾತ್ರವನ್ನೇ ಹುಡುಕಿ ಹುಡುಕಿ ಹಂಗಿಸುತ್ತಿತ್ತು. ‘ನನ್ನವನು ಒರಟ, ಏನ್ ಮಾಡೋದು’ ಅನ್ನುತ್ತಿದ್ದ. ನಾನು ಕಥೆಯೊಳಗೇ ಬುದ್ಧಿ ಕಲಿಸೋಕೆ ಹೋದೆ. ಕಾವಲುಗಾರರನ್ನು ಬಿಟ್ಟು ಹಿಡಿಸಿದೆ, ಸೆರೆಮನೆಗೆ ಹಾಕಿಸಿದೆ. ಫಲ ಏನು? ಇಡೀ ಸಂಜೆ ಅವನ ವಿಚಾರಣೆ, ಅವನ ಪಲಾಯನ, ಅವನದೇ ದರ್ಬಾರು. ಅವಳು ಮೂರು ಗಂಟೆ ಸುಮ್ಮನೆ ಕೂತು ಎದ್ದು ಹೋದಳು. ಮರುದಿನ ಅವನ ಜತೆ ಆಟದ ಹೊರಗೆ ಮಾತಾಡಿದೆ. ಹತ್ತು ನಿಮಿಷದ ಮಾತು. ಅವನು ಬದಲಾದ, ಆದರೆ ಅವಳು ಮತ್ತೆ ಬರಲಿಲ್ಲ. ಆ ಹತ್ತು ನಿಮಿಷವನ್ನು ನಾನು ಮೊದಲ ದಿನವೇ ಮಾಡಬೇಕಿತ್ತು. ಈಗ ನಮ್ಮ ಮೇಜಿನ ನಡುವೆ ಎಕ್ಸ್ ಗುರುತಿನ ಒಂದು ಕಾರ್ಡ್ ಇರುತ್ತದೆ. ಯಾರಿಗೆ ಇರಿಸುಮುರಿಸಾದರೂ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಸಂಗತಿಯನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇವೆ. ಎರಡು ಸಲ ಮುಟ್ಟಿದ್ದಾರೆ, ಒಂದು ಸಲ ಮುಟ್ಟಿದವನು ನಾನೇ.

ಫೈಟರ್ ಆಡುತ್ತಿದ್ದ ಗೆಳೆಯ ಆಮೇಲೆ ವಾಪಸ್ ಬಂದ. ಪ್ಯಾಲಡಿನ್ ಕ್ಯಾಂಪೇನ್‌ನಲ್ಲಿ ಅವನೂ ಇದ್ದ, ಈ ಸಲ ಅವನೇ ರೋಗ್. ಒಂದು ಸಂಜೆ ಚೀಟಿ ಬರೆದು, ಮಡಚಿ, ಡಿಎಂಗೆ ಕೊಡುವ ಹಾಗೆ ಕೈ ಚಾಚಿ, ನನ್ನ ಮುಖ ನೋಡಿ ನಕ್ಕು, ಜೋರಾಗಿ ಓದಿದ: ‘ಇವತ್ತು ರಾತ್ರಿ ನನ್ನ ಕಳ್ಳ ಪ್ಯಾಲಡಿನ್ ಕತ್ತಿ ಕದೀಬಹುದಾ?’

‘ಕದಿ. ಆದರೆ ಸಿಕ್ಕಿಬೀಳಬೇಕು’ ಅಂದೆ.

ದಾಳ ಎಸೆದ. 19 ಬಿತ್ತು. ಹಾಗೆಲ್ಲ ಸಿಕ್ಕಿಬೀಳುವ ಸಂಖ್ಯೆಯೇ ಅಲ್ಲ ಅದು. ತಲೆ ಕೆರೆದುಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ, ‘ಕತ್ತಿ ಕೈಗೆ ಬಂತು, ಯಾರೂ ಎದ್ದಿಲ್ಲ. ಆದರೆ ಇಷ್ಟು ಚೆಂದದ ಕತ್ತೀನ ಒಂದು ಸಲನಾದ್ರೂ ಬೀಸಿ ನೋಡದೆ ಹೋಗೋಕೆ ಇವನಿಗೆ ಮನಸ್ಸು ಬರಲಿಲ್ಲ’ ಅಂದ. ಬೀಸಿದ. ಗುಡಾರದ ಹಗ್ಗ ತುಂಡಾಗಿ, ಗುಡಾರ ನಮ್ಮೆಲ್ಲರ ಮೇಲೆ ಬಿತ್ತು.