ಒದ್ದೆ ಬಣ್ಣ ಕೊನೆಗೆ: ಆರ್ಟ್ ಥೆರಪಿ ಗುಂಪಿನಲ್ಲಿ ನನ್ನ ಅನುಭವ

ನಾನು ಆರ್ಟ್ ಥೆರಪಿ ಗುಂಪು ನಡೆಸುತ್ತೇನೆ, ಅಂದರೆ ನೊಂದವರು ಚಿತ್ರ ಮಾಡುತ್ತಾ ಮನಸ್ಸು ಬಿಚ್ಚುವ ಚಿಕಿತ್ಸೆ. ಮೊದಲ ಎರಡು ತಿಂಗಳು ಗುಂಪಿಗೆ ನೀರು ಬಣ್ಣ ಕೊಡುವುದೇ ಇಲ್ಲ ಅಂದಾಗ ಜೊತೆಯ ಥೆರಪಿಸ್ಟ್‌ಗಳು ಒಪ್ಪಲಿಲ್ಲ. "ಪೆನ್ಸಿಲ್, ಗೋಂದು ಇಟ್ಕೊಂಡು ಮನಸ್ಸು ಬಿಚ್ಚೋಕಾಗುತ್ತಾ? ಎರಡೇ ವಾರಕ್ಕೆ ಬೇಜಾರಾಗಿ ಬಿಟ್ಟು ಹೋಗ್ತಾರೆ" ಅಂದರು. ಈಗ ಹೀಗೇ ಆರು ಗುಂಪು ಮುಗಿಸಿದ್ದೇನೆ. ಮೊದಲೆಲ್ಲ 12 ಜನ ಸೇರಿದರೆ ಕೊನೆಗೆ ಐದಾರು ಜನ ಉಳಿಯುತ್ತಿದ್ದರು. ಈಗ ಹೆಚ್ಚುಕಮ್ಮಿ 10 ಜನ ಉಳಿಯುತ್ತಾರೆ.

ಶುರುವಿನಲ್ಲಿ ನಾನೂ ಮೊದಲ ದಿನವೇ ನೀರು ಬಣ್ಣ ಹಂಚುತ್ತಿದ್ದೆ. ಬಣ್ಣ ಹರಿದ ಹಾಗೆ ಮನಸ್ಸೂ ಹರಿಯುತ್ತದೆ ಅನ್ನುವ ನಂಬಿಕೆ. ಒಮ್ಮೆ ಒಬ್ಬ ಮಹಿಳೆ ಒದ್ದೆ ಕಾಗದದ ಮೇಲೆ ಕೆಂಪು ಹಾಕಿದರು, ಪಕ್ಕದಲ್ಲೇ ಹಸಿರು. ಎರಡೂ ಸೇರಿ ಕಂದು ರಾಡಿಯಾಯಿತು. "ನಾನು ಮುಟ್ಟಿದ್ದೆಲ್ಲ ಹೀಗೇ ಕೆಡುತ್ತೆ" ಅಂತ ಅಳಲು ಶುರು ಮಾಡಿದರು. ಸೆಷನ್ ಮುಗಿಯಲು ಉಳಿದಿದ್ದು 10 ನಿಮಿಷ. ಅಷ್ಟರಲ್ಲಿ ಅವರನ್ನು ಸಮಾಧಾನಕ್ಕೆ ತರಲು ನನ್ನಿಂದ ಆಗಲಿಲ್ಲ. ಮುಂದಿನ ವಾರ ಅವರು ಬರಲಿಲ್ಲ. ಆ ನೋವು ಇನ್ನೂ ಇದೆ.

ಗಟ್ಟಿ ಸಾಮಗ್ರಿ ಹಿಡಿತ ಕೊಡುತ್ತದೆ, ಹರಿಯುವ ಸಾಮಗ್ರಿ ಭಾವನೆ ಕೆದಕುತ್ತದೆ ಅಂತ 1978ರಲ್ಲೇ ಆರ್ಟ್ ಥೆರಪಿಸ್ಟ್‌ಗಳಾದ ಕಾಗಿನ್ ಮತ್ತು ಲುಸೆಬ್ರಿಂಕ್ ಬರೆದಿದ್ದು ಈ ಕೆಲಸದಲ್ಲಿರುವ ನಮಗೆಲ್ಲ ಗೊತ್ತು. ನಾನು ಅದನ್ನು ವಾರಗಳ ಲೆಕ್ಕಕ್ಕೆ ಇಳಿಸಿದೆ, ಅಷ್ಟೇ.

ಮೊದಲ ಎರಡು ವಾರ ಕೊಲಾಜ್, ಅಂದರೆ ಕತ್ತರಿಸಿದ ಚಿತ್ರಗಳನ್ನು ಅಂಟಿಸಿ ಹೊಸ ಚಿತ್ರ ಮಾಡುವುದು. "ನನಗೆ ಚಿತ್ರ ಬರಲ್ಲ" ಅನ್ನುವವರಿಗೆ ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ. ಆದರೆ ಇಡೀ ಪತ್ರಿಕೆ ಕೊಡಬೇಡಿ. ನಾನು ಕೊಟ್ಟಿದ್ದೆ, ಅರ್ಧ ಗಂಟೆ ಎಲ್ಲರೂ ಸುಮ್ನೆ ಓದುತ್ತಾ ಕೂತರು! ಈಗ ಸುಮಾರು 200 ಚಿತ್ರ ಮೊದಲೇ ಕತ್ತರಿಸಿ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಆಮೇಲೆ ಪೆನ್ಸಿಲ್, ಸ್ಕೆಚ್ ಪೆನ್. ನಾಲ್ಕನೇ ವಾರದ ಹೊತ್ತಿಗೆ ಆಯಿಲ್ ಪೇಸ್ಟಲ್ (ಮೆತ್ತನೆಯ ಬಣ್ಣದ ಕಡ್ಡಿ), ಆರನೇ ವಾರ ಜೇಡಿಮಣ್ಣು. ಒಂಬತ್ತನೇ ವಾರ ನೀರು ಬಣ್ಣ, ಅದೂ ಬ್ರಷ್‌ನಲ್ಲಿ. ಬೆರಳಲ್ಲಿ ಬಣ್ಣ ಹಚ್ಚುವುದು ತಾವಾಗಿ ಕೇಳಿದವರಿಗೆ ಮಾತ್ರ.

ದುಡ್ಡಿನ ವಿಷಯದಲ್ಲಿ ದೊಡ್ಡ ತಪ್ಪು ಮಾಡಿದ್ದೆ. ಒಂದು ವರ್ಷದ ಸಾಮಗ್ರಿ ದುಡ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ದುಬಾರಿ ಬಣ್ಣಕ್ಕೇ ಹೋಯಿತು. "ಇಷ್ಟು ಒಳ್ಳೆ ಬಣ್ಣ, ವೇಸ್ಟ್ ಆದ್ರೆ?" ಅಂತ ಯಾರೂ ಧಾರಾಳವಾಗಿ ಮುಟ್ಟಲಿಲ್ಲ. ಕಾಗದದಲ್ಲಿ ಉಳಿಸಲು ಹೋಗಿ ತೆಳ್ಳನೆಯದು ತಂದಿದ್ದೆ. ನೀರು ಬಿದ್ದ ಕೂಡಲೇ ಮುದುಡಿತು. ಒಬ್ಬರ ಚಿತ್ರ ಎತ್ತುವಾಗ ಅವರ ಕೈಯಲ್ಲೇ ಹರಿಯಿತು. ಮೊದಲೇ ನೊಂದು ಬಂದವರಿಗೆ ಅದು ಸಣ್ಣ ವಿಷಯ ಅಲ್ಲ, ಅಲ್ವಾ? ಈಗ ಲೆಕ್ಕ ತಿರುಗಿಸಿದ್ದೇನೆ. ಬಣ್ಣ ಮಕ್ಕಳು ಬಳಸುವ ಸಾಧಾರಣದ್ದು, ಕಾಗದ ಮಾತ್ರ ದಪ್ಪನೆಯದು, 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ). ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಖರ್ಚೂ ಇಳಿಯುತ್ತದೆ, ದೊಡ್ಡ ಖಾಲಿ ಹಾಳೆಯ ಭಯವೂ ಇರುವುದಿಲ್ಲ. ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸುತ್ತೇನೆ. ಬಣ್ಣ ಎಷ್ಟೇ ಓಡಿದರೂ ಟೇಪ್ ಕಿತ್ತಾಗ ಅಂಚಿನಲ್ಲಿ ಬಿಳಿ ಚೌಕಟ್ಟು ಉಳಿಯುತ್ತದೆ.

ಮಧ್ಯೆ ಇನ್ನೆರಡು ಪ್ರಯೋಗ ಮಾಡಿದೆ. ತಣ್ಣಗಿನ ಜೇಡಿಮಣ್ಣು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳುವವರು ಜಾಸ್ತಿ ಇದ್ದರು. ಉಂಡೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅರ್ಧ ಗಂಟೆ ಬಿಸಿನೀರಿನಲ್ಲಿ ಇಟ್ಟು ಕೊಟ್ಟೆ. ಮೂರ್ನಾಲ್ಕು ಜನ ಬಿಟ್ಟರೆ ಎಲ್ಲರೂ ಹಿಡಿದುಕೊಂಡು ಕೂತರು. ಇದ್ದಿಲು ಮಾತ್ರ ಗುಂಪಿಗೆ ಹೊಂದಲಿಲ್ಲ. ಒಬ್ಬರು ಅಂಗೈಯಿಂದ ಉಜ್ಜಿ ಖುಷಿಪಟ್ಟರೆ ಪಕ್ಕದವರು ಮೂರು ಸಲ ಕೈ ತೊಳೆದರು. ಅದನ್ನು ಒಬ್ಬೊಬ್ಬರ ಸೆಷನ್‌ಗೆ ಇಟ್ಟುಕೊಂಡಿದ್ದೇನೆ.

ಬ್ರಷ್ ಕೊಡುವ ಮೊದಲು ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳುತ್ತೇನೆ. ಸಿದ್ಧರಿದ್ದಾರೋ ಇಲ್ಲವೋ ಅದರಲ್ಲೇ ತಿಳಿಯುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಎದುರು ಕೂತೇ ಕಲಿಯಬೇಕು.

ನೀರು ಬಣ್ಣದ ದಿನ ಕೊನೆಯ 20 ನಿಮಿಷ ಬ್ರಷ್ ವಾಪಸ್ ತೆಗೆದುಕೊಂಡು ಪೆನ್ನು ಕೊಡುತ್ತೇನೆ. ಆರಿದ ಬಣ್ಣದ ಮೇಲೆ ಗೆರೆ ಎಳೆಯಬೇಕು. ಕಳೆದ ಗುಂಪಿನಲ್ಲಿ ಒಬ್ಬರು ಐದು ವಾರ ಸ್ಕೇಲ್ ಇಟ್ಟೇ ಗೆರೆ ಎಳೆದವರು. ಒಂಬತ್ತನೇ ವಾರ ಅವರ ನೀಲಿಯೂ ಹಳದಿಯೂ ಸೇರಿ ಅಂಚಿನ ಟೇಪಿನವರೆಗೆ ಓಡಿತು. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ನು ತಗೊಂಡು, ಸ್ಕೇಲ್ ಇಲ್ಲದೆ, ಆ ಹಸಿರು ಕಲೆಯ ಸುತ್ತ ನಿಧಾನವಾಗಿ ಒಂದು ಗೆರೆ ಎಳೆದರು.