ಮನೆಯ ಹಿರಿಯರ ಕಾರು: ಕಡಿಮೆ ಓಡುವ ಗಾಡಿಗೆ ಹೆಚ್ಚು ಆರೈಕೆ

ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಕೂಡ ಓಡಿರುವುದಿಲ್ಲ. ಮೈ ಹೊಸದರಂತೆ ಹೊಳೆಯುತ್ತಿರುತ್ತದೆ. ‘ಓಡಿಸಿಯೇ ಇಲ್ಲವಲ್ಲ, ಸರ್ವೀಸ್ ಯಾಕೆ?’ ಎಂದು ಅಪ್ಪ ಕೇಳಿದರೆ ಮಾತು ಸರಿ ಅನ್ನಿಸುತ್ತದೆ. ಆದರೆ ಹಿರಿಯರ ಕಾರು ಕೆಡುವುದೇ ನಿಂತು ನಿಂತು. ರಬ್ಬರ್ ಒಣಗುತ್ತದೆ, ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಇವು ಮೀಟರ್ ನೋಡಿಕೊಂಡು ನಡೆಯುವ ಕೆಲಸಗಳಲ್ಲ. ಈ ಗಾಡಿಯ ಲೆಕ್ಕವನ್ನು ತಿಂಗಳು, ವರ್ಷಗಳಲ್ಲೇ ಇಡಬೇಕು.

ಮೊದಲು ನೀವೇ ಓಡಿಸಿ ನೋಡಿ

ದಿನವೂ ಓಡಿಸುವವರಿಗೆ ನಿಧಾನವಾಗಿ ಬಂದ ದೋಷ ಗೊತ್ತಾಗುವುದಿಲ್ಲ. ಕಾಲು, ಕೈ ಅದಕ್ಕೆ ಒಗ್ಗಿಬಿಟ್ಟಿರುತ್ತವೆ. ಅರ್ಧ ಗಂಟೆ ನೀವು ಸ್ಟೀರಿಂಗ್ ಹಿಡಿಯಿರಿ. ಖಾಲಿ, ಸಮತಟ್ಟಾದ ನೇರ ರಸ್ತೆಯಲ್ಲಿ 40ರ ವೇಗದಲ್ಲಿ ಬ್ರೇಕ್ ಒತ್ತಿ. ಗಾಡಿ ಒಂದು ಬದಿಗೆ ಎಳೆಯುತ್ತದೆಯೇ, ಪೆಡಲ್ ಸ್ಪಂಜಿನಂತೆ ಮೆತ್ತಗಿದೆಯೇ, ಸ್ಟೀರಿಂಗ್ ನಡುಗುತ್ತದೆಯೇ ಗಮನಿಸಿ.

ಈ ಅರ್ಧ ಗಂಟೆಯ ಓಟ ಗಾಡಿಗೂ ಔಷಧಿ. ಐದು ನಿಮಿಷದ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ, ಒಳಗೆ ಹುಟ್ಟಿದ ನೀರಾವಿ ಆಯಿಲ್‌ನಲ್ಲೇ ಉಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಗಡೆ ನೋಡಿ. ಬೆಣ್ಣೆಯಂಥ ಬಿಳಿ ಕೆನೆ ತುಸು ಅಂಟಿದ್ದರೆ ಅದು ಬಹುಮಟ್ಟಿಗೆ ಈ ಚಿಕ್ಕ ಓಡಾಟದ ಗುರುತು. ಡಿಪ್‌ಸ್ಟಿಕ್‌ನ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಕೂಡ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿ, ಜೊತೆಗೆ ಎಂಜಿನ್ ತಂಪಾಗಿಡುವ ಕೂಲಂಟ್ ಕಡಿಮೆಯಾಗುತ್ತಿದ್ದರೆ ಮಾತ್ರ, ಇವೆರಡೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ರನ್ನು ಕರೆಸಿ. ಎಷ್ಟೇ ಕಡಿಮೆ ಓಡಿದ್ದರೂ ಆಯಿಲ್ ಮತ್ತು ಫಿಲ್ಟರ್ ವರ್ಷಕ್ಕೊಮ್ಮೆ ಬದಲಾಗಲಿ.

ಟೈರ್: ಬಟನ್ ಇದ್ದ ಮಾತ್ರಕ್ಕೆ ನಂಬಬೇಡಿ

ಹಿರಿಯರ ಕಾರಿನಲ್ಲಿ ನಮಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಟೈರ್. ಬಟನ್ (ನೆಲಕ್ಕೆ ತಾಗುವ ಉಬ್ಬು ಅಚ್ಚು) ತುಂಬಾ ಇರುತ್ತದೆ, ರಬ್ಬರ್ ಸತ್ತಿರುತ್ತದೆ. ಟೈರ್‌ನ ಪಕ್ಕದಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ. ಆರು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತಿಳಿದವರಿಗೆ ತೋರಿಸಿ. ಹತ್ತು ವರ್ಷವಾದರೆ ಬಟನ್ ಎಷ್ಟೇ ಇರಲಿ, ತೆಗೆಸಿಬಿಡಿ. ಪಕ್ಕದಲ್ಲಿ, ಬಟನ್‌ಗಳ ಸಂದಿನಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಷ್ಟು ವರ್ಷವೂ ಕಾಯಬೇಡಿ.

ಸುಮ್ಮನೆ ನಿಂತ ಟೈರ್ ಕೂಡ ತಿಂಗಳಿಗೆ ಒಂದೆರಡು ಪಿಎಸ್ಐ (ಒತ್ತಡದ ಅಳತೆ) ಗಾಳಿ ಕಳೆದುಕೊಳ್ಳುತ್ತದೆ. ಆರು ತಿಂಗಳು ಯಾರೂ ನೋಡದಿದ್ದರೆ 33 ಇರಬೇಕಾದ ಕಡೆ 25 ಇರುತ್ತದೆ. ಕಡಿಮೆ ಗಾಳಿಯಲ್ಲಿ ಟೈರ್‌ನ ಪಕ್ಕ ಮಡಚಿ ಮಡಚಿ ಬಿಸಿಯಾಗುತ್ತದೆ. ಊರೊಳಗೆ ತಡೆದುಕೊಂಡದ್ದು ಹೆದ್ದಾರಿಯಲ್ಲಿ ಸಿಡಿಯುತ್ತದೆ. ತಿಂಗಳಿಗೊಮ್ಮೆ, ಟೈರ್ ತಣ್ಣಗಿದ್ದಾಗ ಅಳೆಯಿರಿ. ತುಂಬಬೇಕಾದ ಅಳತೆ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್ ಮೇಲಿರುತ್ತದೆ. ಟೈರ್ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ. ಸ್ಟೆಪ್ನಿಯನ್ನು ಮರೆಯಬೇಡಿ.

ಬ್ಯಾಟರಿ

‘ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ’ ಎನ್ನುವುದು ಅನೇಕ ಹಿರಿಯರ ಅಭ್ಯಾಸ. ಸೆಲ್ಫ್ ಹೊಡೆಯಲು ಖರ್ಚಾದ ಶಕ್ತಿ ಅಷ್ಟರಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ, ಮೇಲಾಗಿ ಆಯಿಲ್‌ಗೆ ನೀರು ಸೇರುತ್ತದೆ. ಅದರ ಬದಲು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲಿ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮಲ್ಟಿಮೀಟರ್ ಹಿಡಿದಾಗ 12.6 ವೋಲ್ಟ್ ಬಂದರೆ ಪೂರ್ಣ ಚಾರ್ಜ್. 12.4 ಪರವಾಗಿಲ್ಲ. 12.2ಕ್ಕಿಂತ ಇಳಿದಿದ್ದರೆ ಚಾರ್ಜರ್‌ಗೆ ಹಾಕಿ. ಟರ್ಮಿನಲ್‌ನಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಿಂದ ಉಜ್ಜಿ ಒರೆಸಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇಲ್ಲವಾದರೆ ಪಾಸಿಟಿವ್ ಬಿಚ್ಚುತ್ತಿರುವ ಸ್ಪ್ಯಾನರ್ ಗಾಡಿಯ ಲೋಹದ ಮೈಗೆ ತಾಗಿ ಕಿಡಿ ಹಾರುತ್ತದೆ.

ಬ್ರೇಕ್

ತೇವ ಹೀರಿದ ಬ್ರೇಕ್ ಆಯಿಲ್ ಬೇಗ ಕುದಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದಾಗ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಇಳಿದುಬಿಡುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಯಾವ ಆಯಿಲ್ ಎಂಬುದು ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಇರುತ್ತದೆ. ಮಟ್ಟ ಇಳಿದಿದ್ದರೆ ಬರಿದೇ ತುಂಬಿಸಿ ಸುಮ್ಮನಾಗಬೇಡಿ. ಪ್ಯಾಡ್ ಸವೆದಿರುತ್ತದೆ ಅಥವಾ ಎಲ್ಲೋ ಸೋರುತ್ತಿರುತ್ತದೆ. ವಾರಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಹಾಕಿದರೆ ತುಕ್ಕು ಹಿಡಿದು ಅಂಟಿಕೊಳ್ಳಬಹುದು. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಅಡ್ಡಗಟ್ಟೆ ಕೊಡಿ.

ಬಾನೆಟ್ ತೆರೆದಾಗಲೇ ಏರ್ ಫಿಲ್ಟರ್ ಡಬ್ಬಿಯೊಳಗೂ ಇಣುಕಿ ನೋಡಿ. ನಿಂತ ಗಾಡಿ ಇಲಿಗಳಿಗೆ ಪ್ರಿಯ.

ಕೂರುವ ಜಾಗ

ವಯಸ್ಸಾದಂತೆ ಬೆನ್ನು ಕುಗ್ಗುತ್ತದೆ, ಸೀಟು ಮಾತ್ರ ಹತ್ತು ವರ್ಷದ ಹಿಂದಿನ ಅಳತೆಯಲ್ಲೇ ಇರುತ್ತದೆ. ಅವರನ್ನೇ ಕೂರಿಸಿ ಸರಿಮಾಡಿ. ಎದೆಯಿಂದ ಸ್ಟೀರಿಂಗ್ ನಡುವಿಗೆ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು. ಕಣ್ಣು ಸ್ಟೀರಿಂಗ್‌ನ ಮೇಲಂಚಿಗಿಂತ ಸುಮಾರು 8 ಸೆಂಟಿಮೀಟರ್ ಮೇಲಿರಲಿ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮಂಡಿ ತುಸು ಮಡಚಿರಬೇಕು. ಕಾಲ ಕೆಳಗೆ ಮ್ಯಾಟ್ ಮೇಲೆ ಮ್ಯಾಟ್ ಹಾಸಿದ್ದರೆ ಒಂದನ್ನು ತೆಗೆದುಬಿಡಿ, ಅದು ಜಾರಿ ಪೆಡಲ್ ಅಡಿಗೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಗಾಜಿನ ಒಳಮೈಗೂ ಬಟ್ಟೆ ತಾಗಲಿ: ಅಲ್ಲಿ ಕಟ್ಟಿದ ತೆಳು ಪೊರೆ ರಾತ್ರಿ ಎದುರಿನ ದೀಪವನ್ನು ಹರಡಿ, ವಯಸ್ಸಾದ ಕಣ್ಣನ್ನು ಕುಕ್ಕುತ್ತದೆ. ಹೆಡ್‌ಲೈಟ್ ಗಾಜು ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿ.

ತೊಳೆಯುವ ನೆಪದಲ್ಲಿ ಬಂಪರ್ ಸುತ್ತ ಬನ್ನಿ. ಒಂದೇ ಮೂಲೆಯಲ್ಲಿ ಹೊಸ ಹೊಸ ಗೀರು ಕಾಣುತ್ತಿದ್ದರೆ ಕುತ್ತಿಗೆ ಹೊರಳುತ್ತಿಲ್ಲ ಅಥವಾ ಆ ಬದಿಯ ನೋಟ ಮಂಕಾಗಿರಬಹುದು. ಗದರದೆ ಕೇಳಿ, ಕಣ್ಣಿನ ಡಾಕ್ಟರ ಬಳಿ ಜೊತೆಯಲ್ಲೇ ಹೋಗಿಬನ್ನಿ; ರಿವರ್ಸ್ ಸೆನ್ಸರ್ ಕೂಡ ಹಾಕಿಸಬಹುದು.

ಕೊನೆಗೆ, ಆಯಿಲ್, ಬ್ರೇಕ್ ಆಯಿಲ್, ಬ್ಯಾಟರಿ, ಐದೂ ಟೈರ್‌ಗಳ ತಾರೀಖನ್ನು ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡ್ ಖಾನೆಯಲ್ಲಿಡಿ. ಅದರ ಫೋಟೊ ನಿಮ್ಮ ಫೋನಿನಲ್ಲೂ ಇರಲಿ.