ಹೊಳಿ ದಂಡಿಗೆ ಗೆಸ್ಟ್‌ಗೋಳ ಕೈಯಾಗ ಗಾಳ ಕೊಟ್ಟು ಕುಂದರಸೂದು: ನನ್ನ ಅನುಭವ

ಖಾನಾಪುರ ತಾಲೂಕಿನ್ಯಾಗ ನಮ್ಮ ಮಾಮಾಂದು ಮಲಪ್ರಭಾ ಹೊಳಿ ದಂಡಿಗೆ ಹೊಲ ಐತಿ, ಅದರಾಗ ನಾಕ ಖೋಲಿ ಕಟ್ಟಿಸಿ ಫಾರ್ಮ್‌ಸ್ಟೇ ಮಾಡ್ಯಾರ. ನಾನು ವಾರವೆಲ್ಲಾ ಬೆಳಗಾವಿ ಉದ್ಯಮಬಾಗದಾಗ ಫೌಂಡ್ರಿ ಕೆಲಸದಾಂವ, ಶನಿವಾರ ಶಿಫ್ಟ್ ಮುಗಿಸಿ ಗಾಡಿ ಹತ್ತಿದ್ರ ರವಿವಾರ ಮಧ್ಯಾಹ್ನದ ತನಕ ಅಲ್ಲಿ ಫಿಶಿಂಗ್ ಗೈಡ್. ಇದನ್ನ ಹೆಂಗ ಮಾಡ್ತೀರಿ ಅಂತ ಭಾಳ ಮಂದಿ ಕೇಳ್ತಾರ, ಅದಕ್ಕ ಬರ್ಯಾಕ ಕುಂತೇನಿ.

ಎಲ್ಲಾರೂ ಮೊದ್ಲ ಕೇಳೂದು ಪರ್ಮಿಷನ್ ಬಗ್ಗೆ, ಹಂಗಾಗಿ ಅದನ್ನ ಮೊದ್ಲ ಮುಗಸ್ತೇನಿ. ನಮ್ಮ ಮ್ಯಾಲಿನ ಕಾಡು ಭೀಮಗಡ ವನ್ಯಜೀವಿಧಾಮ, 2011ರಾಗ ಘೋಷಣಾ ಆಗಿದ್ದು, ಅದರೊಳಗ ಗಾಳ ಹಾಕೂ ಮಾತ ಇಲ್ಲ, 1972ರ ವನ್ಯಜೀವಿ ಕಾಯ್ದೆ ಕಡಕ್ ಐತಿ. ಕಾವೇರಿ ದಂಡಿಗೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕ್ಯಾಂಪಿಗೆ ಮಹಸೀರ್ ಅನ್ನೂ ದೊಡ್ಡ ಹೊಳಿ ಮೀನ ಹಿಡೀಲಿಕ್ಕೆ ವಿಮಾನ ಹತ್ತಿ ಮಂದಿ ಬರ್ತಿದ್ರು, ಅಲ್ಲೂ ವನ್ಯಧಾಮದೊಳಗ ಗಾಳ ಬಂದ್ ಆಗಿದ್ದು ಇದ ಕಾಯ್ದೆಯಿಂದ. ನಮ್ಮ ಹೊಲ ಧಾಮದ ಗಡಿ ದಾಟಿ ಕೆಳಗ ಬರತೈತಿ, ಮೀನುಗಾರಿಕಿ ಇಲಾಖಿ ಲೈಸೆನ್ಸ್ ಮಾಡಿಸೇವಿ, ಆದ್ರೂ ಗೆಸ್ಟ್‌ಗೋಳ್ನ ಮ್ಯಾಲಿನ ಕಡೆ ಒಂದ ಹೆಜ್ಜಿ ಕರ್ಕೊಂಡು ಹೋಗಂಗಿಲ್ಲ.

ಆ ಕಾವೇರಿ ಕ್ಯಾಂಪಿನ್ಯಾಗ ಒಂದು ಶಾಣ್ಯಾತನ ಇತ್ತು ನೋಡ್ರಿ, ಮೊದ್ಲ ಸಿಡಿಮದ್ದ ಹಾಕಿ ಕದ್ದು ಮೀನ ಹೊಡೀತಿದ್ದ ಊರ ಮಂದೀನ್ನ ಕರೆದು ಗೈಡ್, ಕಾವಲು ಅಂತ ಕೆಲಸಕ್ಕ ಇಟ್ಟುಕೊಂಡಿದ್ರು, ಯಾಕಂದ್ರ ಹೊಳಿ ಗೊತ್ತಿದ್ದಾವ್ರು ಅವ್ರ. ನಾನೂ ಹಂಗ ನಮ್ಮ ಊರ ಅಂಬಿಗರ ಕಾಕಾ ಒಬ್ಬರನ್ನ ಜೋಡಿ ಮಾಡಕೊಂಡೇನಿ. ಹುಟ್ಟಿದಾಗಿಂದ ಬಲಿ ಬೀಸಿದ ಕೈ ಅವ್ರದು. ರಾಡು, ರೀಲು, ಯೂಟ್ಯೂಬ್ ಎಲ್ಲಾ ನಂದು ಖರೆ, ಆದ್ರ ಎಲ್ಲಿ ಕುಂದ್ರಬೇಕು ಅನ್ನೂದು ಅವ್ರ ಮಾತು. "ತಮ್ಮಾ, ಸರಸರ ಹರಿಯೂ ನೀರು ನಿಂತ ನೀರಿಗೆ ಹತ್ತೂ ಜಾಗಾ ನೋಡು, ಮೀನ ಅಲ್ಲಿರತಾವ" ಅಂತಾರ. ಯಾಕಂದ್ರ ಮೀನ ಸುಮ್ನ ಶಕ್ತಿ ಖರ್ಚ ಮಾಡಂಗಿಲ್ಲ, ಸೆಳವಿನ ಪಕ್ಕದ ಶಾಂತ ನೀರಾಗ ನಿಂತು ಸೆಳವು ಹೊತ್ತ ತಂದದ್ದನ್ನ ತಿಂತಾವ. ದೊಡ್ಡ ಬಂಡಿಗಲ್ಲಿನ ಹಿಂದನೂ ಹಂಗ. ಮಹಸೀರಿಗೆ ಬುರಗು ಎದ್ದ ನೀರು, ಕಲ್ಲು ಬೇಕು. ಮರಲ್ ಮೀನಿಗೆ ದಂಡಿ, ಜೊಂಡು, ಅದು ಮ್ಯಾಲ ಬಂದು ಗಾಳಿ ಕುಡಿಯೂ ಮೀನು, ನೀರಾಗ ಆಕ್ಸಿಜನ್ ಕಮ್ಮಿ ಇದ್ರೂ ಬದುಕತೈತಿ. ಒಂದೊಂದ ಸಲ ದಂಡ್ಯಾಗ ಕೆಂಪನ ಸಣ್ಣ ಮರಿಗೋಳು ಉಂಡಿ ಕಟ್ಟಿ ಕುದ್ದಂಗ ಕಾಣತಾವ, ಅದು ಮರಲ್ ಮರಿ, ಕೆಳಗ ತಾಯಿ ತಂದಿ ಕಾಯಕೊಂಡು ಇರತಾವ, ಅಲ್ಲಿ ಏನ ಎಸದ್ರೂ ಸಿಟ್ಟಿಗೆ ಬಾಯಿ ಹಾಕತಾವ. ಅಲ್ಲಿ ಗಾಳ ಬಿಡಾಕ ನಾ ಯಾರಿಗೂ ಬಿಡಂಗಿಲ್ಲ. ಎರಡು ಹಿಡದ್ರ ಸಾವಿರ ಮರಿ ಅನಾಥ, ಅದೇನ ದೊಡ್ಡ ಬ್ಯಾಟಿ ಅಲ್ಲ.

ಇನ್ನ ಹಿಟ್ಟಿನ ಸುದ್ದಿ. ಕಾವೇರಿ ಕಡೆ ರಾಗಿ ಹಿಟ್ಟ ಬೇಯಿಸಿ ಉಂಡಿ ಮಾಡಿ ಮಹಸೀರಿಗೆ ಹಾಕೂದು ಹೆಸರಾದ ಪದ್ಧತಿ. ನಮ್ಮ ಕಡೆ ಮನ್ಯಾಗ ಡಬ್ಬಿ ತುಂಬ ಇರೂದು ಜ್ವಾಳದ ಹಿಟ್ಟು, ಅದಕ್ಕ ಜಿಗಿ ಇರಂಗಿಲ್ಲ, ತಣ್ಣೀರಾಗ ಕಲಸಿ ಗಾಳಕ್ಕ ಹಚ್ಚಿದ್ರ ಎಸದ ಕೂಡ್ಲೇ ಬಿಚ್ಚಿ ಹೊಳಿ ಪಾಲು. ನಮ್ಮ ಅತ್ತಿ ನೋಡಿ ನಕ್ಕು, "ರೊಟ್ಟಿಗೆ ಎಸರ ಇಡಂಗಿಲ್ಲೇನು, ಅದಕ್ಕೂ ಹಂಗ ಇಡು" ಅಂದ್ರು. ಖರೇನ ಅಷ್ಟ. ಎಸರಿಗೆ ಹಿಟ್ಟ ಹಾಕಿ ತಿರುವಿ, ಬಿಸಿ ಇದ್ದಾಗನ ಜಗ್ಗಿ ನಾದಿ, ಮೂರರಾಗ ಒಂದ ಪಾಲು ಗೋದಿ ಹಿಟ್ಟು ಕೂಡಿಸಿ, ಪುಡಿ ಮಾಡಿದ ಶೇಂಗಾ ಹಿಂಡಿ ಹಾಕಿ, ಲಿಂಬಿಕಾಯಿ ಗಾತ್ರದ ಉಂಡಿ ಕಟ್ಟಿ ಕುದಿಯೂ ನೀರಾಗ ಬಿಟ್ರ ಮ್ಯಾಲ ತೇಲಿ ಬರತಾವ, ಆವಾಗ ತೆಗದು ಅರಿವ್ಯಾಗ ಸುತ್ತಿ ಇಡೂದು. ಮ್ಯಾಲ ಬಿರುಸು, ಒಳಗ ಮೆತ್ತಗ. ಸೆಳವು ಜಾಸ್ತಿ ಇದ್ದ ದಿನ ನಾದೂವಾಗ ಚೂರ ಹತ್ತಿ ಹಿಂಜಿ ಸೇರಸ್ತೇನಿ, ಗಾಳಕ್ಕ ಕಚ್ಚಿ ಹಿಡೀತೈತಿ. ಶೇಂಗಾ ಹಿಂಡಿ ವಾಸನಿ ನೀರಾಗ ದೂರ ಹೋಗತೈತಿ, ಇಲ್ಲಿ ಮೀನ ಅದಕ್ಕ ಸೋಲತಾವ. ರೊಕ್ಕ ಕೊಟ್ಟು ತರಸಿದ ರಬ್ಬರ್ ಕಪ್ಪಿ, ಮೀನಿನಂಗ ಹೊಳಿಯೂ ತಗಡಿನ ಚಮಚಾ, ಇಂಥಾ ಸುಳ್ಳ ಬ್ಯಾಟಿ ಎಲ್ಲಾ ಡಬ್ಬ್ಯಾಗ ಅದಾವ, ಮರಲ್‌ಗೆ ಕಪ್ಪಿ ಚೊಲೊ, ಉಳಿದದ್ದಕ್ಕ ಅತ್ತಿ ಹಿಟ್ಟು.

ಸಾಮಾನು ಜಾಸ್ತಿ ಬೇಕಾಗಿಲ್ಲ. ಎಂಟ ಫೂಟಿನ ರಾಡು, 4000 ಸೈಜಿನ ರೀಲು, 20 ಪೌಂಡಿನ ದಾರ. ಗಾಳದ ಮುಳ್ಳು ಇರತೈತಲ್ಲ, ಒಳಗ ಸಿಕ್ಕಿದ್ದು ಹೊರಗ ಬರದಂಗ ಮಾಡೂದು, ಅದನ್ನ ಪಕ್ಕಡದಾಗ ಹಿಚುಕಿ ಚಪ್ಪಟಿ ಮಾಡೇ ಕೊಡೂದು, ಮೀನಿನ ಬಾಯಿಂದಷ್ಟ ಅಲ್ಲ, ಗೆಸ್ಟ್‌ನ ಬಟ್ಟಿನಿಂದನೂ ಲಗೂನ ಬಿಚ್ಚತೈತಿ. ರೀಲಿನ ಡ್ರ್ಯಾಗ್, ಅಂದ್ರ ಮೀನ ಜಗ್ಗಿದಾಗ ದಾರ ಎಷ್ಟ ಬಿಗಿ ಬಿಡಬೇಕು ಅನ್ನೂ ಬ್ರೇಕು, ಅದನ್ನ ಮಾತ್ರ ನಾನ ಸೆಟ್ ಮಾಡ್ತೇನಿ, ದಾರದ ತಾಕತ್ತಿನ ನಾಕನೇ ಒಂದ ಪಾಲು, ಅದಕ್ಕೂ ಹೆಚ್ಚಿಲ್ಲ. ಮಹಸೀರ್ ಸಣ್ಣದಿದ್ರೂ ಮೊದಲನೇ ಓಟ ಸೆಳವಿನ ಕೂಡ ಕೆಳಮುಖ ಇರತೈತಿ, ಆವಾಗ ಬಿಗಿ ಹಿಡದ್ರ ಟಪ್ ಅಂತ ಹರೀತೈತಿ. ಎತ್ತು ಬೆದರಿ ಓಡಿದಾಗ ಹಗ್ಗ ಬಿಟ್ಟು ಬಿಟ್ಟು ಹಿಡದಂಗ ಹಿಡೀರಿ ಅಂದ್ರ ನಮ್ಮ ಕಡೆಯವ್ರಿಗೆ ಲಗೂನ ತಿಳೀತೈತಿ, ಬೆಂಗಳೂರಿನವ್ರಿಗೆ ರಾಡು ಹಿಡದ ಜಗ್ಗಿ ತೋರಸಬೇಕಾಗತೈತಿ.

ಖರೆ ಕಷ್ಟ ಮೀನ ಹಿಡಿಯೂದಲ್ಲ, ಮನಷ್ಯಾರನ್ನ ಸುಮ್ನ ಕುಂದರಸೂದು. ದಂಡಿ ಮ್ಯಾಲ ಧಪ್ ಧಪ್ ಅಂತ ನಡದ್ರ ಆ ನಡುಕ ನೀರಿಗೆ ಇಳೀತೈತಿ, ಮೀನಿನ ಮೈ ಪಕ್ಕಕ್ಕ ಉದ್ದಕ ಒಂದ ಗೆರಿ ಇರತೈತಿ, ಅದರಿಂದ ಅದಕ್ಕ ಗೊತ್ತಾಗತೈತಿ. ಒಂದ ಸಲ ಪುಣೆದಿಂದ ಒಂದ ಕಂಪನಿ ಹುಡುಗುರು ಬ್ಲೂಟೂತ್ ಸ್ಪೀಕರ್ ಹೊತ್ತಕೊಂಡ ಬಂದಿದ್ರು, ಒಬ್ಬಂವ ಐದ ನಿಮಿಷಕ್ಕೊಮ್ಮೆ ಗಾಳ ಎತ್ತಿ "ಇಲ್ಲಿ ಏನೂ ಇಲ್ಲ ಬ್ರೋ" ಅಂತಿದ್ದ. ಅದ ದಿನ ಬೆಳಗಾವಿ ಕ್ಯಾಂಪಿನ ಕಡೆಯವ್ರು, ಮರಾಠಾ ಲೈಟ್ ಇನ್‌ಫಂಟ್ರಿಯಿಂದ ರಿಟೈರ್ ಆದ ಸುಬೇದಾರ್ ಸಾಹೇಬ್ರು ಒಬ್ರು, ಮೊಮ್ಮಗಳ್ನ ಪಕ್ಕಕ್ಕ ಕುಂದರಿಸ್ಕೊಂಡು ಒಂದ ಕಲ್ಲಿನ ನೆಳ್ಳಾಗ ಕುಂತವ್ರು ಎದ್ದಿದ್ದ ಚಾ ಬಂದಾಗ. ಆ ಹುಡುಗಿಗೆ ಒಂದೂವರಿ ಕಿಲೋ ಮಹಸೀರ್ ಸಿಕ್ತು. ಕಾಕಾ ದೂರದಿಂದನ ನೋಡಿ "ಸಾಬೂನ ಹಚಗೊಂಡು ಬಂದಿಲ್ಲ ಆ ಕೂಸು, ಅದಕ್ಕ" ಅಂದ್ರು, ಕೈಗೆ ಡಿಯೋ, ಸನ್‌ಸ್ಕ್ರೀನ್ ವಾಸನಿ ಇದ್ರ ಉಂಡಿಗೂ ಹತ್ತತೈತಿ ಅಂತ ಅವ್ರ ಲೆಕ್ಕ. ನಾನೂ ಈಗ ಗೆಸ್ಟ್‌ಗೋಳ ಕೈ ಮಣ್ಣಾಗ ತಿಕ್ಕಿ ತೊಳಸ್ತೇನಿ.

ದೊಡ್ಡ ಮೀನಿನ ಆಸೆ ಎಲ್ಲಾರಿಗೂ. 1946ರಾಗ ಕಬಿನ್ಯಾಗ ವ್ಯಾನ್ ಇಂಗೆನ್ ಅನ್ನೋರು 120 ಪೌಂಡಿನ ಮಹಸೀರ್ ಹಿಡದಿದ್ರು, 54 ಕಿಲೋ ಮ್ಯಾಲ, ಮಂದಿ ಅದರ ಸುದ್ದಿ ಮೊಬೈಲ್‌ನ್ಯಾಗ ತೋರಿಸಿ ಇಂಥಾದ್ದು ಸಿಗತೈತೇನ್ರಿ ಅಂತಾರ. ಸಿಗಂಗಿಲ್ರಿ. ಕಾವೇರಿ ಕೊಳ್ಳದ ಗೂನಬೆನ್ನಿನ ಮಹಸೀರ್, ಟಾರ್ ರೆಮಾದೇವಿ, ಬ್ಯಾರೆ ಜಾತಿ, ಅದು 2018ರಾಗ ಅಳಿವಿನ ಭಾಳ ಹತ್ರ ಇರೂ ಪಟ್ಟಿಗೆ ಸೇರೇತಿ. ನಮ್ಮ ಕೃಷ್ಣಾ ಕೊಳ್ಳದ್ದು ಟಾರ್ ಖುದ್ರೀ, ಲೋಣಾವಳಾದಾಗ ಟಾಟಾದವ್ರು ವರ್ಷಾನುಗಟ್ಟಲೆ ಮರಿ ಮಾಡಿ ಊರೂರಿಗೆ ಕಳಿಸಿದ ಜಾತಿ ಇದ. ಆ ಮರಿ ಕಾವೇರಿಗೂ ಬಿಟ್ರು, ಅದರಿಂದ ಅಲ್ಲಿ ಮೂಲದ ಮೀನಿಗೆ ಕುತ್ತ ಬಂತು ಅಂತ ತಿಳದವ್ರು ಹೇಳ್ತಾರ. ಹಂಗಾಗಿ ಯಾರರೆ ಬಕೇಟಿನ್ಯಾಗ ಹೊರಗಿನ ಮರಿ ತಂದು ಇಲ್ಲಿ ಬಿಡ್ತೇನಿ ಅಂದ್ರ ನಾ ಕೈ ಮುಗದು ವಾಪಸ್ ಕಳಸ್ತೇನಿ, ಪುಣ್ಯ ಬರತೈತಿ ಅಂದ್ರೂ ಸೈ.

ಮಹಸೀರ್ ಸಿಕ್ರ ವಾಪಸ್ ಬಿಡಬೇಕು, ಇದು ಬುಕಿಂಗ್ ಫೋನಿನ್ಯಾಗನ ಹೇಳೂ ಮಾತು. ಕೈ ಒದ್ದಿ ಮಾಡಕೊಂಡ ಮುಟ್ಟಬೇಕು, ಒಣ ಕೈಗೆ ಮೈ ಮ್ಯಾಲಿನ ಲೋಳಿ ಕಿತ್ತ ಬರತೈತಿ, ಆಮ್ಯಾಲ ಹುಣ್ಣ ಹತ್ತತೈತಿ. ಕಿವಿರಿನಾಗ ಬಟ್ಟ ಹಾಕಂಗಿಲ್ಲ. ಫೋಟೋಕ್ಕ ಎತ್ತೂವಾಗ ನೀವೂ ಉಸಿರ ಹಿಡೀರಿ, ನಿಮಗ ತಡಿಯಾಕಾಗಲಿಲ್ಲ ಅಂದ್ರ ಅದಕ್ಕೂ ಆಗಂಗಿಲ್ಲ, ಇಳಸ್ರಿ. ಮಾರಿ ಸೆಳವಿನ ಕಡೆ ಮಾಡಿ ನೀರಾಗ ಹಿಡಕೊಂಡ್ರ ಅದ ಬಾಲ ಬಡದು ಹೋಗತೈತಿ. ಊಟಕ್ಕ ಬೇಕಂದ್ರ ಜಿಲೇಬಿ ಮೀನ ಐತಲ್ಲ, ಆಫ್ರಿಕಾದಿಂದ ಬಂದು ಕೆರಿ ಹೊಳಿ ಎಲ್ಲಾ ತುಂಬೇತಿ, ಅದನ್ನ ಎಷ್ಟ ಬೇಕಾದ್ರೂ ಹಿಡೀರಿ, ಅತ್ತಿ ರವಾ ಹಚ್ಚಿ ಕರದ ಕೊಡ್ತಾರ.

ಜೀವದ ಮಾತು ಒಂದ. ಖಾನಾಪುರದಾಗ ಬಿಸಲ ಇದ್ರೂ ಮ್ಯಾಲ ಕಣಕುಂಬಿ ಕಡೆ ಜೋರ ಮಳಿ ಆದ್ರ ಹೊಳಿ ಏರತೈತಿ, ಮಲಪ್ರಭಾ ಹುಟ್ಟೂದ ಅಲ್ಲಿ. ನೀರ ಕೆಂಪಗಾಗಿ ಎಲಿ, ಕಸ ತೇಲಿ ಬರಾಕ ಹತ್ತಿದ್ರ ಮೀನ ಗಾಳಕ್ಕ ಇದ್ರೂ ದಾರ ಕತ್ತರಿಸಿ ಮ್ಯಾಲ ಬರೂದು. ಹಾವಸಿ ಕಲ್ಲಿನ ಮ್ಯಾಲ ಚಪ್ಪಲಿ ಹಾಕ್ಕೊಂಡು ಇಳಿಯೂದಂತೂ ಬ್ಯಾಡ ಬ್ಯಾಡ, ಲೈಫ್ ಜಾಕೆಟ್ ಇಲ್ಲದ ನಾ ಯಾರನ್ನೂ ನೀರಿಗೆ ಇಳಸಂಗಿಲ್ಲ, ಈಜ ಬರತೈತಿ ಅನ್ನಾವ್ರನ್ನ ಮೊದ್ಲ ತೊಡಸ್ತೇನಿ.

ಮಳಿಗಾಲ ಮೀನ ತತ್ತಿ ಇಡೂ ಹೊತ್ತು, ಪೂರಾ ಬಂದ್. ದಸರಾ ಮುಂದ ನೀರ ತಿಳಿ ಆಗತೈತಿ, ಅಲ್ಲಿಂದ ಸಂಕ್ರಾಂತಿ ತನಕ ನಮ್ಮ ಸೀಸನ್. ಬ್ಯಾಸಗ್ಯಾಗ ಹೊಳಿ ಬತ್ತಿ ಅಲ್ಲಲ್ಲಿ ಮಡು ಅಷ್ಟ ಉಳೀತಾವ, ಮೀನೆಲ್ಲಾ ಅದರಾಗ ಕೂಡಿರತಾವ, ಹಿಡಿಯಾಕ ಭಾಳ ಸಲೀಸು, ಆದ್ರ ಕಾದ ನೀರಿನ್ಯಾಗ ಆಕ್ಸಿಜನ್ ಕಮ್ಮಿ ಇರತೈತಿ, ದಣದ ಮೀನ ಬಿಟ್ರೂ ಸಾಯತೈತಿ. ಹಂಗಾಗಿ ಸಾಲಿ ಸೂಟಿ ಅಂತ ಏಪ್ರಿಲ್‌ನ್ಯಾಗ ಫೋನ್ ಬಂದ್ರ ಇಲ್ರೀ ಅಂತೇನಿ. ಮತ್ತ ಹುಡುಗುರನ್ನ ಎಲ್ಲಿ ಕರ್ಕೊಂಡ ಹೋಗೂಣ್ರಿ ಅಂತ ಕೇಳ್ತಾರ, ಗೋಕಾಕ ಫಾಲ್ಸ್ ಅನ್ನಾಕ ಬಾಯಿ ಬರತೈತಿ, ಅಲ್ಲೂ ಆವಾಗ ಬರೇ ಬಂಡಿಗಲ್ಲ.